ಮೂರನೆಯ ಪುಟದಲ್ಲಿ ಇಳಿದವರು

"ಈ ಕೆಂಪು ಪಟ್ಟಿ ನೋಡಿ. ಇನ್ನೇನು ಸಾಕ್ಷಿ ಬೇಕು ನಿಮಗೆ?"

ಮೇಸ್ತ್ರಿಯ ಅಳಿಯಂದಿರು ಕಂಪ್ಯೂಟರಿನ ಪರದೆಯನ್ನು ಉಗುರಿನಿಂದ ಎರಡು ಸಲ ಕುಟ್ಟಿ, ಗೆದ್ದವರ ಹಾಗೆ ಹಿಂದಕ್ಕೆ ಒರಗಿದರು. ಕುರ್ಚಿ ಕಿರ್ ಎಂದಿತು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

"ಪಟ್ಟಿ ಚೆನ್ನಾಗಿದೆ, ಬಣ್ಣಾನೂ ಚೆನ್ನಾಗಿದೆ," ಎಂದಳು ಕಂಡಕ್ಟರಮ್ಮ. "ಸ್ವಲ್ಪ ಜರುಗಿ. ನಾನೂ ನೋಡ್ಬೇಕಲ್ಲ."

ಕೈಯಿಂದಲೇ ಜೋಡು ಹೊಲಿಯುವ ಈ ಕಾರ್ಖಾನೆಗೆ ವೆಬ್‌ಸೈಟಿನಿಂದ ತಿಂಗಳಿಗೆ ನೂರೈವತ್ತು ಆರ್ಡರ್ ಬರುತ್ತಿದ್ದದ್ದು ಕಳೆದ ತಿಂಗಳು ಮೂವತ್ತಾರಕ್ಕೆ ಕುಸಿದಿತ್ತು. ಎಲ್ಲಿ ಹೋದವು ಎಂದು ಪತ್ತೆ ಮಾಡಲು ಕಾರ್ಖಾನೆ ಕಟ್ಟಿದ ಮೇಸ್ತ್ರಿ ಅವಳನ್ನು ಕರೆಸಿದ್ದರು.

ಅವಳು ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು. ನಿವೃತ್ತಿಯ ಮರುವಾರವೇ ಕಂಪ್ಯೂಟರ್ ತರಗತಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಮೊದಲ ಬೆಂಚಿನಲ್ಲಿ ಕೂತು, ವೆಬ್‌ಸೈಟಿಗೆ ಬಂದುಹೋಗುವವರ ಜಾಡು ಓದುವುದನ್ನು ಕಲಿತಳು. ಈಗ ಅದೇ ಅವಳ ಕಸುಬು. ಅದರ ಬಗ್ಗೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಇದ್ದರೆ ತಪ್ಪೇನು?

ಪರದೆಯ ಮೇಲಿದ್ದದ್ದು ಲಾಳಿಕೆ ವರದಿ. ಮೇಲೆ ಅಗಲ, ಕೆಳಕೆಳಗೆ ಸಪೂರ; ಬಂದವರಲ್ಲಿ ನೂರಕ್ಕೆ ಅತಿ ಹೆಚ್ಚು ಜನ ಬಿಟ್ಟುಹೋದ ಪುಟಕ್ಕೆ ಕೆಂಪು ಪಟ್ಟಿ. ಕಳೆದ ತಿಂಗಳು ಸೈಟಿನ ಮುಖಪುಟಕ್ಕೆ ಬಂದವರು ಸಾವಿರದ ನೂರ ಐವತ್ತನಾಲ್ಕು. ಅವರಲ್ಲಿ ಎರಡನೆಯ ಪುಟಕ್ಕೆ, ಅಂದರೆ ಜೋಡಿನ ಮಾದರಿ ಆರಿಸುವ ಪುಟಕ್ಕೆ, ಹೋದವರು ಐನೂರ ಎಪ್ಪತ್ತನಾಲ್ಕು. ಮೂರನೆಯದು ಪಾದದ ಚಿತ್ರ ಕಳಿಸುವ ಪುಟ. ಅಲ್ಲಿಗೆ ಮುನ್ನೂರ ಅರವತ್ತನಾಲ್ಕು. ನಾಲ್ಕನೆಯದು ವಿಳಾಸ ಬರೆಯುವ ಪುಟ, ನೂರ ತೊಂಬತ್ತು. ಕಡೆಯದು 'ನಿಮ್ಮ ಆರ್ಡರ್ ಸೇರಿತು' ಎಂದು ಹೇಳುವ ಪುಟ. ಅಲ್ಲಿ ಮುಟ್ಟಿದವರು ಮೂವತ್ತಾರೇ ಜನ.

"ಐದು ಸ್ಟಾಪಿನ ಬಸ್ಸು," ಎಂದು ಕಂಡಕ್ಟರಮ್ಮ ತನ್ನಷ್ಟಕ್ಕೇ ಗೊಣಗಿದಳು. "ಹತ್ತಿದವರೆಷ್ಟು, ಇಳಿದವರೆಷ್ಟು, ಯಾವ ಸ್ಟಾಪಲ್ಲಿ ಇಳಿದ್ರು. ಅಷ್ಟೇ ತಾನೇ?"

"ಯಾವ ಸ್ಟಾಪು ಅಂತ ಕೆಂಪಗೆ ಬರೆದಿದೆಯಲ್ಲ. ವಿಳಾಸದ ಪುಟ! ನೂರ ತೊಂಬತ್ತು ಜನ ಬಾಗಿಲ ತನಕ ಬಂದು, ನೂರ ಐವತ್ತನಾಲ್ಕು ಜನ ಮಾಯ. ಆ ಪುಟ ಮಾಡಿದವರು ಯಾರು?" ಅಳಿಯಂದಿರು ಗಲ್ಲ ಎತ್ತಿ ಬಾಗಿಲ ಕಡೆ ತೋರಿಸಿದರು.

ಬಾಗಿಲಲ್ಲಿ ನಿಂತಿದ್ದವಳು ಮೇಸ್ತ್ರಿಯ ಸೊಸೆ. ಸೈಟನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿದವಳು ಅವಳೇ. ಗಂಡ ಚರ್ಮ ಕೊಳ್ಳಲು ಊರೂರು ಸುತ್ತುವವನು, ಈ ವಾರ ಮನೆಯಲ್ಲಿರಲಿಲ್ಲ. ನಿನ್ನೆ ಅಳಿಯಂದಿರು ಕೆಲಸಗಾರರೆಲ್ಲರ ಎದುರಿಗೇ, ಬಂದ ಆರ್ಡರುಗಳನ್ನು ಇವಳು ಬೇರೆ ಅಂಗಡಿಗೆ ದಾಟಿಸುತ್ತಿದ್ದಾಳೆ ಎಂದು ಹೇಳಿಬಿಟ್ಟಿದ್ದರು. ಇಂದು ಮಧ್ಯಾಹ್ನ ಹನ್ನೆರಡಕ್ಕೆ ಹೊರಗಿನ ಕಂಪನಿಯವರು ಬಂದು ಸೈಟಿನ ಕೀಲಿಯನ್ನು ತೆಗೆದುಕೊಳ್ಳುವವರಿದ್ದರು. ಆಮೇಲೆ ಆ ಮನೆಯಲ್ಲಿ ಇವಳು ಕಳ್ಳಿ ಎಂಬ ಹೆಸರು ಹೊತ್ತೇ ಬಾಳಬೇಕು.

ಅವಳು ಮಾತ್ರ ತಲೆ ತಗ್ಗಿಸಿರಲಿಲ್ಲ. ಅಳಲೂ ಇಲ್ಲ. ಅದು ಕಂಡಕ್ಟರಮ್ಮನಿಗೆ ಬಹಳ ಹಿಡಿಸಿತು.

"ಅಳಿಯಂದಿರೇ, ಅದರ ಹಿಂದಿನ ತಿಂಗಳ ವರದಿ ತೆಗೀರಿ."

"ಯಾಕೆ? ಆ ತಿಂಗಳು ಚೆನ್ನಾಗೇ ಇತ್ತಲ್ಲ."

"ಅದಕ್ಕೇ ತೆಗೀರಿ ಅಂದೆ."

ಅವರು ಮೂಗು ಮುರಿಯುತ್ತಲೇ ತೆಗೆದರು. ಆ ತಿಂಗಳು ವಿಳಾಸದ ಪುಟಕ್ಕೆ ಬಂದವರು ಮುನ್ನೂರ ಏಳು. ಆರ್ಡರ್ ಕೊಟ್ಟವರು ನೂರೈವತ್ತು. ಕಂಡಕ್ಟರಮ್ಮ ಬೆರಳೆಣಿಸಿದಳು. ಆ ತಿಂಗಳು ಅಲ್ಲಿ ಇಳಿದವರು ನೂರ ಐವತ್ತೇಳು. ಕಳೆದ ತಿಂಗಳು ಇಳಿದವರು ನೂರ ಐವತ್ತನಾಲ್ಕು.

ಅವಳ ಕಿವಿ ನಿಮಿರಿತು.

"ಸುಗ್ಗಿಯ ತಿಂಗಳಲ್ಲೂ ಅಷ್ಟೇ ಜನ ಇಳಿದ್ರು, ಬರಗಾಲದ ತಿಂಗಳಲ್ಲೂ ಅಷ್ಟೇ ಜನ ಇಳಿದ್ರು. ಬಸ್ಸಲ್ಲಿ ಜನ ಹೆಚ್ಚಲಿ, ಕಮ್ಮಿಯಾಗಲಿ, ಒಂದು ಸ್ಟಾಪಲ್ಲಿ ದಿನಾ ಅಷ್ಟೇ ಜನ ಇಳೀತಾರೆ ಅಂದ್ರೆ ಅವರು ಯಾರು ಗೊತ್ತಾ?"

"ಯಾರು?"

"ಡಿಪೋದವರು. ನಮ್ಮವರೇ."

ಅವಳು ಆ ನೂರ ಐವತ್ತನಾಲ್ಕು ಭೇಟಿಗಳನ್ನು ಬೇರೆ ಮಾಡಿ, ಬಂದ ಹೊತ್ತಿನ ಪ್ರಕಾರ ಜೋಡಿಸಿದಳು. ಎಲ್ಲವೂ ಬೆಳಿಗ್ಗೆ ಎಂಟೂ ಐವತ್ತರಿಂದ ಒಂಬತ್ತರೊಳಗೆ. ಎಲ್ಲವೂ ಇದೇ ಕಟ್ಟಡದ ಇಂಟರ್ನೆಟ್ಟಿನಿಂದ. ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆ ಹೇಗಿರುತ್ತದೆ ಎಂದು ಪಾಪ ಅಳಿಯಂದಿರಿಗೆ ಗೊತ್ತಿಲ್ಲ. ಅವರು ಬರುವುದೇ ಹತ್ತಕ್ಕೆ.

ಕಂಡಕ್ಟರಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ಕೆಲಸದ ಕೋಣೆಗೆ ನಡೆದಳು.

ಮೊದಲ ಮಹಡಿಯ ಉದ್ದನೆಯ ಕೋಣೆ ಅದು. ಬೀದಿಯ ಕಡೆಗೆ ಎತ್ತರದ ಕಿಟಕಿಗಳು. ಚರ್ಮ, ಅಂಟು, ಮೇಣ ಮೂರೂ ಬೆರೆತ ವಾಸನೆ. ಗೋಡೆಯ ತುಂಬ ಮರದ ಪಾದಗಳು ನೇತಾಡುತ್ತಿದ್ದವು. ಒಂದೊಂದರ ಹಿಮ್ಮಡಿಯಲ್ಲೂ ಒಂದೊಂದು ಸಂಖ್ಯೆ. ಆರು ಬೆಂಚು, ಆರು ಜನ. ಕಿಟಕಿಯ ಹತ್ತಿರ ಮೇಸ್ತ್ರಿ ಒಂದು ಅಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನೀವೆಲ್ಲ ಏನು ಮಾಡ್ತೀರಿ?" ಎಂದು ಅವಳು ಹೊಲಿಗೆಯವಳನ್ನು ಕೇಳಿದಳು.

"ದಾರಿ ನಡೀತೀವಿ," ಎಂದಳು ಹೊಲಿಗೆಯವಳು, ಇದೇನು ಕೇಳುವ ಮಾತೇ ಎಂಬಂತೆ.

ಉತ್ತರ ಬಿಡಿಸಿ ಹೇಳಿದ್ದು ಮೇಸ್ತ್ರಿ. ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ನಲವತ್ತೊಂದು ವರ್ಷದ ಹಿಂದೆ ಬಾಗಿಲು ತೆರೆದ ದಿನವೇ ಅವರು ಒಂದು ಕಟ್ಟಳೆ ಮಾಡಿದ್ದರು. ಗಿರಾಕಿ ಬರುವ ಮುಂಚೆ, ಗಿರಾಕಿ ನಡೆಯುವ ದಾರಿಯನ್ನು ಕೆಲಸದವರು ತಾವು ನಡೆದು ನೋಡಬೇಕು. ಕೆಳಗಿನ ಮೆಟ್ಟಿಲಿನಿಂದ ಅಳತೆಯ ಕುರ್ಚಿಯವರೆಗೆ. ಎಲ್ಲಾದರೂ ಮೊಳೆ ಎದ್ದಿದೆಯೇ, ನೆಲ ಜಾರುತ್ತದೆಯೇ, ಕೈ ಹಿಡಿಯುವ ಕಂಬಿ ಅಲುಗುತ್ತದೆಯೇ? ಕಾಲು ನೋಯುವವರು ಬರುವ ಜಾಗ ಇದು.

"ಸೈಟು ಬಂದ ಮೇಲೆ ಅದೂ ಗಿರಾಕಿ ನಡೆಯೋ ದಾರಿನೇ ಅಲ್ವಾ?" ಎಂದರು ಮೇಸ್ತ್ರಿ. "ಅದನ್ನೂ ನಡೀರಪ್ಪ ಅಂದೆ. ಆರೂ ಜನ ದಿನಾ ತಮ್ಮ ತಮ್ಮ ಫೋನಲ್ಲಿ ನಡೀತಾರೆ. ಒಂದು ದಿನ ತಪ್ಪಿಲ್ಲ."

"ಕೊನೇ ಗುಂಡಿ ಒತ್ತಲ್ವಾ?"

"ಛೆ, ಛೆ! ಒತ್ತಿದ್ರೆ ನಿಜವಾದ ಗಿರಾಕಿಯ ಸರದಿ ಹಿಂದಕ್ಕೆ ಹೋಗತ್ತೆ. ವಿಳಾಸದ ತನಕ ಹೋಗಿ ವಾಪಸ್ ಬರ್ತಾರೆ."

ಕಂಡಕ್ಟರಮ್ಮ ಅಲ್ಲೇ ನಿಂತು ನಕ್ಕಳು. ಆರು ಜನ, ತಿಂಗಳಿಗೆ ಇಪ್ಪತ್ತಾರು ಕೆಲಸದ ದಿನ. ಆರು ಇಪ್ಪತ್ತಾರಲೆ ನೂರ ಐವತ್ತಾರು.

"ಕಳೆದ ತಿಂಗಳು ಯಾರಾದ್ರೂ ರಜೆ ಹಾಕಿದ್ರಾ?"

"ನಾನು. ಎರಡು ದಿನ. ಜ್ವರ," ಎಂದಳು ಹೊಲಿಗೆಯವಳು.

ನೂರ ಐವತ್ತಾರರಲ್ಲಿ ಎರಡು ಕಳೆದರೆ ನೂರ ಐವತ್ತನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅದರ ಹಿಂದಿನ ತಿಂಗಳಿನಲ್ಲಿ ಮಾತ್ರ ಒಬ್ಬರು ಹೆಚ್ಚಿದ್ದರು, ನೂರ ಐವತ್ತೇಳು. ಯಾರೋ ಒಬ್ಬ ಹೊರಗಿನವರು ನಿಜವಾಗಿಯೂ ವಿಳಾಸದ ಪುಟದವರೆಗೆ ಬಂದು, ವಿಳಾಸ ಕೊಡದೆ ಹೋಗಿದ್ದರು. ಆ ಒಬ್ಬರನ್ನು ಅವಳು ಸದ್ಯಕ್ಕೆ ಬದಿಗಿಟ್ಟಳು.

"ಕೇಳಿದ್ರಾ ಅಳಿಯಂದಿರೇ?" ಗಾಜಿನ ಕೋಣೆಗೆ ಕೇಳಲಿ ಎಂದು ಅವಳು ದನಿ ಎತ್ತಿದಳು. ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಮುಟ್ಟುತ್ತಿದ್ದ ದನಿ ಅದು. "ನೂರ ತೊಂಬತ್ತರಲ್ಲಿ ನಿಮ್ಮ ಮಾವನವರ ಕೆಲಸಗಾರರನ್ನ ಕಳೀರಿ. ಉಳಿದವರು ಮೂವತ್ತಾರು. ಆರ್ಡರ್ ಬಂದದ್ದೂ ಮೂವತ್ತಾರು. ಈ ಹುಡುಗಿ ಮಾಡಿದ ಪುಟದಲ್ಲಿ ಕಳೆದ ತಿಂಗಳು ಒಬ್ಬನೇ ಒಬ್ಬ ಗಿರಾಕಿ ವಾಪಸ್ ಹೋಗಿಲ್ಲ!"

ಬೆಂಚುಗಳಲ್ಲಿ ಸುತ್ತಿಗೆಗಳು ನಿಂತವು. ಹೊಲಿಗೆಯವಳು ಸೊಸೆಯ ಕಡೆ ತಿರುಗಿ ಕಣ್ಣರಳಿಸಿದಳು. ಮೇಸ್ತ್ರಿಯ ಮುಖ ನೋಡಿದರೆ ಸಾಕಿತ್ತು. ಹಾಲು ಕುಡಿದಷ್ಟು ಸಂತೋಷವಾಗಿತ್ತು ಅವರಿಗೆ.

ಕಂಡಕ್ಟರಮ್ಮ ಸೊಸೆಯ ಬಳಿ ಬಂದಳು. "ಇವರು ದಿನಾ ಹೀಗೆ ನಡೀತಾರೆ ಅಂತ ನಿಂಗೆ ಗೊತ್ತಿತ್ತಲ್ಲ? ನಿನ್ನೆ ಅಷ್ಟೊಂದು ಮಾತು ಕೇಳಿಸ್ಕೊಂಡೆಯಲ್ಲ, ಇದೊಂದು ಮಾತು ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದಳು ಸೊಸೆ. ಆಮೇಲೆ ದನಿ ತಗ್ಗಿಸಿದಳು. "ನನ್ನ ಪುಟದಲ್ಲಿ ತಪ್ಪಿಲ್ಲ ಅಂತಾಯ್ತಲ್ಲ, ಅಮ್ಮ. ನಿಮ್ಮ ಉಪಕಾರ ಮರೆಯಲ್ಲ. ಇಲ್ಲಿಗೆ ನಿಲ್ಲಿಸಿಬಿಡಿ."

ಸ್ವಾಭಿಮಾನದ ಹುಡುಗಿ ಎಂದುಕೊಂಡಳು ಕಂಡಕ್ಟರಮ್ಮ. ಆದರೆ ನಿಲ್ಲಿಸುವುದೇ? ಕೊನೆಯ ಸ್ಟಾಪು ಬರುವ ಮೊದಲು ಸೀಟಿ ಊದಿದವಳಲ್ಲ ಅವಳು.

ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಕೆಲಸಗಾರರು ವಿಳಾಸದ ಪುಟದಲ್ಲಿ ಮಾತ್ರವಲ್ಲ, ಅದರ ಹಿಂದಿನ ಮೂರು ಪುಟಗಳಲ್ಲೂ ಲೆಕ್ಕಕ್ಕೆ ಸೇರಿದ್ದರು. ಒಂದೊಂದು ಪುಟದಿಂದಲೂ ಆ ನೂರ ಐವತ್ತನಾಲ್ಕನ್ನು ತೆಗೆದಳು. ವರದಿ ಕ್ಷಣಕಾಲ ಖಾಲಿಯಾಗಿ, ಹೊಸದಾಗಿ ಮೂಡಿತು. ಮುಖಪುಟದಲ್ಲಿ ಸಾವಿರ ಜನ. ಮಾದರಿಯ ಪುಟದಲ್ಲಿ ನಾನೂರ ಇಪ್ಪತ್ತು. ಪಾದದ ಚಿತ್ರದ ಪುಟದಲ್ಲಿ ಇನ್ನೂರ ಹತ್ತು. ವಿಳಾಸದಲ್ಲಿ ಮೂವತ್ತಾರು.

ಕೆಂಪು ಪಟ್ಟಿ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿ ಕೂತಿತ್ತು.

"ನೋಡಿ," ಎಂದಳು ಅವಳು ನಿಧಾನವಾಗಿ. "ನಿಮ್ಮವರು ದಿನಾ ಆರಾಮಾಗಿ ದಾಟ್ತಾ ಇದ್ದದ್ದರಿಂದ ಇದು ಕಾಣ್ತಿರಲಿಲ್ಲ. ಸೋರ್ತಾ ಇರೋದು ನಾಲ್ಕನೇ ಪುಟ ಅಲ್ಲ. ಮೂರನೇದು. ಇನ್ನೂರ ಹತ್ತರಲ್ಲಿ ನೂರ ಎಪ್ಪತ್ತನಾಲ್ಕು ಜನ ಅಲ್ಲೇ ಇಳಿದಿದ್ದಾರೆ. ಆ ಪುಟದ ಉಸ್ತುವಾರಿ ಯಾರದು?"

ಅಳಿಯಂದಿರು ನೀರಿನ ಲೋಟಕ್ಕೆ ಕೈ ಚಾಚಿದರು.

"ನಂದು," ಎಂದರು. "ಆದ್ರೆ ಬರೀ ಮಾತು ಬರೆದದ್ದು ನಾನು. 'ಬಿಳಿ ಕಾಗದದ ಮೇಲೆ ನಿಂತು, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಮೂಲೆಯಲ್ಲಿ ಇವತ್ತಿನ ತಾರೀಖು ಬರೆದು, ಫೋಟೋ ಕಳಿಸಿ.' ಅದಕ್ಕಿಂತ ಸರಳವಾಗಿ ಯಾರಾದ್ರೂ ಬರೀಲಿ ನೋಡೋಣ!"

"ಸರಳವಾಗೇ ಇದೆ. ಮತ್ತೆ ಜನ ಯಾಕೆ ಓಡಿಹೋದ್ರು?"

"ಸೋಮಾರಿಗಳು. ಕಾಗದ ಹುಡುಕೋಕೆ ಬೇಜಾರು."

"ಸೋಮಾರಿಗಳು ಅರವತ್ತು ಜನ ಇದ್ದಾರೆ. ಅರ್ಧ ನಿಮಿಷದಲ್ಲಿ ಹೋದವರು. ಅವರನ್ನ ನಾನು ಕೇಳ್ತಿಲ್ಲ." ಅವಳು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು. "ಉಳಿದ ನೂರ ಹದಿನಾಲ್ಕು ಜನ ಆ ಪುಟದಲ್ಲಿ ನಾಲ್ಕು ನಿಮಿಷ, ಐದು ನಿಮಿಷ ಇದ್ದಾರೆ. ಕಾಗದ ಹುಡುಕಿದ್ದಾರೆ, ನಿಂತಿದ್ದಾರೆ, ಬಗ್ಗಿ ಗೆರೆ ಎಳೆದಿದ್ದಾರೆ, ಫೋಟೋನೂ ಕಳಿಸಿದ್ದಾರೆ. ಅಷ್ಟೆಲ್ಲ ಮಾಡಿದವರು ವಿಳಾಸ ಬರೆಯೋಕೆ ಬೇಜಾರು ಮಾಡ್ಕೋತಾರಾ? ಮೂವತ್ತಾರಕ್ಕೆ ಈ ನೂರ ಹದಿನಾಲ್ಕು ಕೂಡಿಸಿ ನೋಡಿ."

ಅಳಿಯಂದಿರು ಮನಸ್ಸಿನಲ್ಲೇ ಕೂಡಿಸಿದರು. ನೂರೈವತ್ತು. ಕಾರ್ಖಾನೆ ಕಳೆದುಕೊಂಡ ಅಷ್ಟೂ ಆರ್ಡರುಗಳು ಆ ಒಂದು ಪುಟದಲ್ಲಿ ನಿಂತಿದ್ದವು.

"ನಾನೇನೂ ಮಾಡಿಲ್ಲ ಕಂಡಕ್ಟರಮ್ಮ. ನನ್ನ ಮಕ್ಕಳಾಣೆ."

"ಮಕ್ಕಳ ತಲೆ ಮೇಲೆ ಯಾಕೆ ಕೈ ಇಡ್ತೀರಿ? ನಾನೇ ಪ್ರಯಾಣ ಮಾಡಿ ನೋಡ್ತೀನಿ."

ಅವಳು ಕಾಲಿನ ಜೋಡು ಕಳಚಿದಳು. ಹೊಲಿಗೆಯವಳು ಬಂದು ಬಿಳಿ ಕಾಗದ ಹಾಸಿ, ಮಂಡಿಯೂರಿ, ಎರಡೂ ಪಾದಗಳ ಸುತ್ತ ಗೆರೆ ಎಳೆದಳು. ಮೂವತ್ತು ವರ್ಷ ಕುಲುಕುವ ಬಸ್ಸಿನಲ್ಲಿ ಬಲಗಾಲಿನ ಮೇಲೆ ಭಾರ ಹಾಕಿ ನಿಂತ ದೇಹ. ಬಲಪಾದ ಎಡಪಾದಕ್ಕಿಂತ ಪೂರಾ ಒಂದು ಬೆರಳು ಅಗಲವಾಗಿತ್ತು. ಅದಕ್ಕೆ ಅವಳು ನಾಚಲಿಲ್ಲ. ದುಡಿದ ಕಾಲು ಅದು.

"ನೀವು ದಿನಾ ಯಾವ ಚಿತ್ರ ಕಳಿಸ್ತೀರಿ?" ಎಂದು ಫೋಟೋ ತೆಗೆಯುತ್ತ ಕೇಳಿದಳು.

"ಗೋಡೆ ಮೇಲಿನ ಮರದ ಅಚ್ಚಿಂದು. ಒಂದೇ ಚಿತ್ರ, ಎಲ್ಲರ ಫೋನಲ್ಲೂ ಇದೆ. ದಿನಾ ಯಾರು ಗೆರೆ ಎಳೀತಾರೆ?"

ಮರದ ಪಾದ. ಎಡ ಬಲ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಪಾದ. ಕಂಡಕ್ಟರಮ್ಮ ಚಿತ್ರ ಕಳಿಸುವ ಗುಂಡಿ ಒತ್ತಿದಳು. ಅಳಿಯಂದಿರು ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು.

ವಿಳಾಸದ ಪುಟ ಬರಲಿಲ್ಲ. ಅದರ ಬದಲು ಬೂದು ಬಣ್ಣದ ಚೌಕದಲ್ಲಿ ಎರಡು ಸಾಲು ಬಂತು.

'ಕ್ಷಮಿಸಿ. ನಿಮ್ಮ ಪಾದಗಳಿಗೆ ನಮ್ಮಲ್ಲಿ ಜೋಡು ಮಾಡಲು ಆಗುವುದಿಲ್ಲ.'

ಅವಳಿಗೆ ಒಳಗೆ ಎಲ್ಲೋ ಚುರ್ ಎಂದಿತು. ಅರವತ್ತು ದಾಟಿದ ಹೆಂಗಸು, ಸಾವಿರ ಜನರ ಮಾತು ಕೇಳಿಸಿಕೊಂಡವಳು, ಆದರೂ ತನ್ನ ಕಾಲಿಗೆ ಬೇಡ ಅನ್ನಿಸಿಕೊಂಡದ್ದು ನೋವಾಯಿತು. ನೂರ ಹದಿನಾಲ್ಕು ಜನ ತಮ್ಮ ತಮ್ಮ ಮನೆಗಳಲ್ಲಿ, ಕಾಗದದ ಮೇಲೆ ಬರಿಗಾಲಲ್ಲಿ ನಿಂತು ಈ ಮಾತು ಓದಿದ್ದರು.

"ಜೋರಾಗಿ ಓದಿ," ಎಂದರು ಮೇಸ್ತ್ರಿ. ಅವರು ಯಾವಾಗ ಬಂದು ಹಿಂದೆ ನಿಂತರೋ ಯಾರೂ ನೋಡಿರಲಿಲ್ಲ.

ಅವಳು ಓದಿದಳು.

ಮೇಸ್ತ್ರಿಯ ಮುಖ ಕೆಂಪಾಯಿತು. "ನಲವತ್ತೊಂದು ವರ್ಷ! ಎರಡು ಕಾಲು ಎರಡು ಥರ ಇರೋರಿಗೆ ಅಂತಲೇ ನಾನು ಈ ಬಾಗಿಲು ತೆಗೆದದ್ದು. ಬೇರೆ ಅಂಗಡಿಯವರೆಲ್ಲ ಬೇಡ ಅಂದ ಕಾಲುಗಳನ್ನ ಈ ತೊಡೆ ಮೇಲೆ ಇಟ್ಕೊಂಡು ಅಳತೆ ತಗೊಂಡಿದೀನಿ. ಆಗಲ್ಲ ಅನ್ನೋ ಮಾತು ಈ ಮನೆಯಿಂದ ಒಂದು ಸಲಾನೂ ಹೊರಗೆ ಹೋಗಿಲ್ಲ. ಯಾರು, ನನ್ನ ಹೆಸರಲ್ಲಿ ಆಗಲ್ಲ ಅಂದವರು ಯಾರು?"

ಎಲ್ಲರ ಕಣ್ಣೂ ಅಳಿಯಂದಿರ ಕಡೆ ಹೊರಳಿತು.

"ನೋಡೇಬಿಡೋಣ," ಎಂದಳು ಕಂಡಕ್ಟರಮ್ಮ. "ಯಾವ ಪುಟ ಯಾರು ಯಾವಾಗ ತಿದ್ದಿದ್ರು ಅಂತ ಸೈಟಲ್ಲೇ ದಾಖಲೆ ಇರತ್ತೆ. ತೆಗೀರಿ ಅಳಿಯಂದಿರೇ."

"ಬೇಡ," ಎಂದಿತು ಒಂದು ದನಿ. ಅದು ಅಳಿಯಂದಿರದಲ್ಲ, ಸೊಸೆಯದು.

ಅಳಿಯಂದಿರು ಆಗಲೇ ತೆಗೆದಾಗಿತ್ತು. ಮೂರನೆಯ ಪುಟ. ಕಳೆದ ತಿಂಗಳ ಒಂದನೆಯ ತಾರೀಖು, ಬೆಳಿಗ್ಗೆ ಹತ್ತೂ ನಲವತ್ತು. ಎರಡು ಪಾದಗಳ ನಡುವೆ ಅರ್ಧ ಬೆರಳಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ವಾಪಸ್ ಕಳಿಸು ಎಂದು ಸೇರಿಸಿದವರ ಗುರುತು ಪಕ್ಕದಲ್ಲೇ ಇತ್ತು. ಅದು ಸೊಸೆಯದು.

"ಹೇಳಲಿಲ್ವಾ ನಾನು!" ಅಳಿಯಂದಿರಿಗೆ ಹೋದ ಜೀವ ಬಂದಂತಾಯಿತು. "ಹೇಳಲಿಲ್ವಾ?"

ಕಂಡಕ್ಟರಮ್ಮ ನಾಲಿಗೆ ಕಚ್ಚಿಕೊಂಡಳು. ಇಲ್ಲಿಗೆ ನಿಲ್ಲಿಸಿ ಎಂದು ಹುಡುಗಿ ಬೇಡಿಕೊಂಡಿದ್ದು ಸ್ವಾಭಿಮಾನಕ್ಕಲ್ಲ. ತನ್ನ ಜಾಣತನದ ಜಂಬದಲ್ಲಿ ತಾನೇ ಅವಳನ್ನು ಎಳೆದು ತಂದು ಕಟಕಟೆಯಲ್ಲಿ ನಿಲ್ಲಿಸಿದ್ದಳು.

"ಹೌದು, ನಾನೇ ಹಾಕಿದ್ದು," ಎಂದಳು ಸೊಸೆ. ತಲೆ ಈಗಲೂ ಎತ್ತಿಯೇ ಇತ್ತು. "ಆರ್ಡರ್ ಎಲ್ಲಿಗೂ ದಾಟಿಸಿಲ್ಲ. ವಾಪಸ್ ಹೋದ ನೂರ ಹದಿನಾಲ್ಕು ಚಿತ್ರಗಳೂ ನನ್ನ ಹತ್ರ ಇವೆ, ಎಲ್ಲರಿಗೂ ನಾನೇ ಕ್ಷಮೆ ಕೇಳಿ ಬರೀತೀನಿ. ಆದ್ರೆ ಮಾವ, ಯಾಕೆ ಅಂತ ಮಾತ್ರ ಕೇಳ್ಬೇಡಿ. ಬೇಕಾದ್ರೆ ಕೀಲಿ ಕಿತ್ಕೊಳ್ಳಿ."

"ಕೇಳ್ತೀನಿ," ಎಂದರು ಮೇಸ್ತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಕಳ್ಳಿ ಅನ್ನಿಸ್ಕೊಂಡರೂ ಬಾಯಿ ಬಿಡಲಿಲ್ಲ ನೀನು. ಅಂಥಾದ್ದೇನಮ್ಮ?"

ಸೊಸೆ ಫೋನು ತೆಗೆದಳು.

"ನಿಮ್ಮ ಹಳೇ ಅಳತೆ ಪುಸ್ತಕದ ಪಾದಗಳನ್ನೆಲ್ಲ ನಾನು ಸೈಟಿಗೆ ಹಾಕಿದ್ದೆ. ಹಳೇ ಗಿರಾಕಿ ಚಿತ್ರ ಕಳಿಸಿದ್ರೆ ಅದು ಗುರುತು ಹಿಡಿಯತ್ತೆ. ಕಳೆದ ತಿಂಗಳಿಗೂ ಹಿಂದಿನ ತಿಂಗಳು, ಕೊನೇ ದಿನ ಒಂದು ಚಿತ್ರ ಬಂತು. ಕಳಿಸಿದವರು ವಿಳಾಸದ ಪುಟದ ತನಕ ಬಂದು, ವಿಳಾಸ ಬರೀದೆ ಹೋದ್ರು."

ಕಂಡಕ್ಟರಮ್ಮ ಬದಿಗಿಟ್ಟಿದ್ದ ಆ ಒಬ್ಬರು, ನೂರ ಐವತ್ತೇಳನೆಯವರು!

"ಅದು ಯಾರ ಪಾದ ಅಂತ ಸೈಟು ಹೇಳಿದ್ದನ್ನ ನಾನು ನಂಬಲಿಲ್ಲ. ನೀವಾಗಷ್ಟೇ ಆಸ್ಪತ್ರೆಯಿಂದ ಬಂದಿದ್ರಿ, ಮಾವ. ಎದೆ ಗಟ್ಟಿಯಾಗೋ ತನಕ ಆಘಾತ ಆಗಬಾರದು ಅಂದಿದ್ರು ಡಾಕ್ಟರು. ಆರ್ಡರ್ ಸೇರಿದ್ರೆ ಆ ಪಾದ ನೇರ ನಿಮ್ಮ ಕೈಗೇ ಬರ್ತಿತ್ತು. ಆ ಚಿತ್ರ ಒಂದನ್ನೇ ತಡೆದಿದ್ರೆ, ನಮಗೆ ಗುರುತು ಸಿಕ್ಕಿದೆ ಅಂತ ಕಳಿಸಿದವರಿಗೆ ಗೊತ್ತಾಗ್ತಿತ್ತು. ಅದಕ್ಕೆ ಎರಡು ಥರ ಇರೋ ಎಲ್ಲಾ ಪಾದಗಳಿಗೂ ಬಾಗಿಲು ಹಾಕಿದೆ. ಕಳೆದ ತಿಂಗಳಿಡೀ ಅದು ಬರಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಬಂತು."

"ತಾ ಇಲ್ಲಿ."

ಅವಳು ಕೊಡಲಿಲ್ಲ. ಮೇಸ್ತ್ರಿಯೇ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಫೋನು ತೆಗೆದುಕೊಂಡರು. ಕನ್ನಡಕ ಹಾಕಿಕೊಳ್ಳಲಿಲ್ಲ. ಹಿಮ್ಮಡಿಯಿಂದ ಶುರುಮಾಡಿ, ಪಾದದ ಒಳಬಾಗಿನ ಮೇಲೆ, ಹೆಬ್ಬೆರಳಿನ ಸುತ್ತ, ಪರದೆಗೆ ತಾಗದ ಹಾಗೆ ತೋರುಬೆರಳನ್ನು ಸಾಗಿಸಿದರು. ಎಡಗಾಲಿನ ಕಿರುಬೆರಳು ಇರಬೇಕಾದ ಜಾಗದಲ್ಲಿ ಗೆರೆ ನೇರವಾಗಿ ಹೋಗಿತ್ತು. ಅಲ್ಲಿ ಅವರ ಬೆರಳು ನಿಂತಿತು.

"ಇದು ನನ್ನ ತಮ್ಮ," ಎಂದರು. "ಸತ್ತು ಹನ್ನೊಂದು ವರ್ಷ ಆಯ್ತು. ಇವನ ಮಣ್ಣಿಗೆ ನಾನೇ ಹೋಗಿ ಬಂದಿದೀನಿ."

ಅಳಿಯಂದಿರು ಮೊದಲು ಚೇತರಿಸಿಕೊಂಡರು. "ಯಾರೋ ಹಳೇ ಕಾಗದದ ಫೋಟೋ ತೆಗೆದು ಕಳಿಸಿರ್ತಾರೆ, ಮಾವ."

"ಮೂಲೇಲಿ ಇವತ್ತಿನ ತಾರೀಖು ಬರೆದಿದೆ," ಎಂದರು ಮೇಸ್ತ್ರಿ. "ಅಕ್ಷರಾನೂ ಅವನದೇ."

ಅವರು ಕುರ್ಚಿ ಎಳೆದು ಕೂತರು. ಎದೆಯ ಮೇಲೆ ಕೈಯಿಡಲಿಲ್ಲ, ನೀರು ಕೇಳಲಿಲ್ಲ. ಸೊಸೆ ಓಡಿಬಂದು ಕಾಲ ಬಳಿ ಕೂತಾಗ ಅವಳ ತಲೆಯ ಮೇಲೆ ಕೈ ಇಟ್ಟರು.

"ಅಳಿಯಂದಿರೇ, ಆ ಕಂಪನಿಯವರಿಗೆ ಬರಬೇಡಿ ಅಂತ ಫೋನ್ ಮಾಡಿ. ಕೀಲಿ ಇವಳ ಹತ್ರಾನೇ ಇರತ್ತೆ. ನನ್ನ ಪ್ರಾಣಕ್ಕೋಸ್ಕರ ತನ್ನ ಮಾನ ಬಿಟ್ಟವಳು ಇವಳು. ಹೋಗಿ ಇವಳ ಕ್ಷಮೆ ಕೇಳಿ, ಆ ಆರು ಜನರ ಎದುರಿಗೇ ಕೇಳಿ."

ಅಳಿಯಂದಿರು ಕೇಳಿದರು. ತೊದಲುತ್ತ ಕೇಳಿದರು, ಆದರೆ ಕೇಳಿದರು. ಕಂಡಕ್ಟರಮ್ಮನಿಗೆ ಆ ಮನೆಯ ಮೇಲೆ, ಆ ಮುದುಕನ ಮೇಲೆ, ನೆಲದ ಮೇಲೆ ಕೂತ ಆ ಹುಡುಗಿಯ ಮೇಲೆ ಎಷ್ಟು ಹೆಮ್ಮೆ ಬಂತೆಂದರೆ, ಕಣ್ಣು ಒರೆಸಿಕೊಳ್ಳಲು ಕನ್ನಡಕ ತೆಗೆಯಬೇಕಾಯಿತು.

"ಇನ್ನು ಆ ಬಾಗಿಲು ತೆಗಿ," ಎಂದರು ಮೇಸ್ತ್ರಿ ಸೊಸೆಗೆ. "ಮೂರನೇ ಪುಟದ್ದು. ಸತ್ತವನಾಗಲಿ, ಬದುಕಿದವನಾಗಲಿ, ಕಾಲು ತೋರಿಸಿ ಕೇಳಿದವರಿಗೆ ಈ ಮನೇಲಿ ಇಲ್ಲ ಅನ್ನಲ್ಲ."

"ಮಾವ, ಅವರು ಯಾಕೆ ಬಂದಿದ್ದಾರೋ..."

"ತೆಗಿ ಮಗಳೇ."

ಸೊಸೆ ಎದ್ದು ಕಂಪ್ಯೂಟರಿನ ಮುಂದೆ ಕೂತಳು. ನಾಲ್ಕು ಸಾಲು ಅಳಿಸಿದಳು. ಕಂಡಕ್ಟರಮ್ಮ ತನ್ನ ಪ್ರಯಾಣದ ಪುಟ ಮುಚ್ಚಿ, ಪಕ್ಕದಲ್ಲಿ ಆ ಕ್ಷಣದ ವರದಿಯನ್ನು ತೆರೆದಿಟ್ಟಳು; ಈಗ, ಈ ಗಳಿಗೆಯಲ್ಲಿ ಯಾವ ಪುಟದಲ್ಲಿ ಎಷ್ಟು ಜನ ಇದ್ದಾರೆ ಎಂದು ತೋರಿಸುವ ವರದಿ ಅದು.

ಮುಖಪುಟದಲ್ಲಿ ಇಬ್ಬರು. ಎರಡನೆಯದರಲ್ಲಿ ಯಾರೂ ಇಲ್ಲ. ಮೂರನೆಯದರಲ್ಲಿ ಒಬ್ಬರು.

"ಬೆಳಿಗ್ಗೆಯಿಂದ ಅಲ್ಲೇ ಇದ್ದಾರೆ," ಎಂದು ಸೊಸೆ ಪಿಸುಗುಟ್ಟಿದಳು. "ಹೋಗೇ ಇಲ್ಲ."

ಮೂರನೆಯ ಪುಟದ ಒಂದು ಸೊನ್ನೆಯಾಯಿತು. ನಾಲ್ಕನೆಯ ಪುಟದ ಸೊನ್ನೆ ಒಂದಾಯಿತು.

ಹೊಲಿಗೆಯವಳು ಬಾಗಿಲಲ್ಲಿ ಬಂದು ನಿಂತಳು. ಒಂದು ನಿಮಿಷ. ಎರಡು. ಆಮೇಲೆ ಆ ಒಂದು ಕೂಡ ಜಾರಿ ಕಡೆಯ ಪುಟಕ್ಕೆ ಬಂತು. ಆರ್ಡರ್ ಸೇರಿತು.

"ವಿಳಾಸ ಓದಮ್ಮ," ಎಂದರು ಮೇಸ್ತ್ರಿ.

ಸೊಸೆ ಪರದೆಯನ್ನು ಕಂಡಕ್ಟರಮ್ಮನ ಕಡೆ ತಿರುಗಿಸಿದಳು. ಕಂಡಕ್ಟರಮ್ಮ ಬಗ್ಗಿ ತಾನೇ ಓದಿದಳು. ಬೀದಿಯ ಹೆಸರಿರಲಿಲ್ಲ, ಮನೆಯ ಸಂಖ್ಯೆ ಇರಲಿಲ್ಲ. ಇದ್ದದ್ದು ಇಷ್ಟೇ:

'ಕಳಿಸಬೇಡ ಅಣ್ಣ. ಕೆಳಗೆ ಮೆಟ್ಟಿಲ ಹತ್ತಿರ ನಿಂತಿದ್ದೇನೆ. ಬಂದು ನೀನೇ ಅಳತೆ ತಗೋ.'